ಆರಡಿ ದಾಟಿದವರಿಗೆ ಡೀಸೆಲ್ ಸೆಡಾನ್: ಶಿರಸಿ–ಕಾರವಾರ ದಾರಿಯಲ್ಲಿ ಕಲಿತದ್ದು

ದೇವಿಮನೆ ಘಟ್ಟ ಇಳಿದು ಕತಗಾಲ ಹತ್ತಿರ ಬರುವಷ್ಟರಲ್ಲಿ ನನ್ನ ಬಲ ಮೊಣಕಾಲಿನ ಮೇಲೆ ನಾಣ್ಯದಷ್ಟು ಜಾಗ ಕೆಂಪಾಗಿರುತ್ತಿತ್ತು. ಸ್ಟೇರಿಂಗ್ ಪಕ್ಕದಲ್ಲಿ ತೂಗುವ ಚಾವಿಗೊಂಚಲು, ಅದರಲ್ಲಿ ಮನೆಯದೂ ಅಡಿಕೆ ಗೋದಾಮಿನದೂ ಸೇರಿ ಏಳು ಚಾವಿ. ಬ್ರೇಕಿನಿಂದ ಆಕ್ಸಿಲರೇಟರಿಗೆ ಕಾಲು ಹೋದಾಗಲೆಲ್ಲ ಮೊಣಕಾಲು ಅಲ್ಲಿಗೇ ತಾಗುತ್ತಿತ್ತು. ನನ್ನ ಎತ್ತರ 6 ಅಡಿ 2 ಇಂಚು. ವಾರಕ್ಕೆರಡು ಬಾರಿ ಶಿರಸಿಯಿಂದ ಕುಮಟಾ, ಅಂಕೋಲಾ ಮೇಲೆ ಕಾರವಾರಕ್ಕೆ ಹೋಗಿ ಬರುವ ಕೆಲಸ. ಆ ಕಾರು ಕೊಳ್ಳುವಾಗ ಮೈಲೇಜ್ ಕೇಳಿದ್ದೆ, ಬೆಲೆ ಜಗ್ಗಿದ್ದೆ, ಡಿಕ್ಕಿ ತೆಗೆದು ನೋಡಿದ್ದೆ. ಮಾರಿದವರು ಟೆಸ್ಟ್ ಡ್ರೈವ್ ಎಂದು ಕೊಟ್ಟದ್ದು ಎರಡು ಕಿಲೋಮೀಟರು ನೇರ ರಸ್ತೆ. ನಾಲ್ಕು ವರ್ಷ ಸೊಂಟನೋವು ಅನುಭವಿಸಿದ ಮೇಲೆ ಕುಮಟಾದ ಒಬ್ಬ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ವಿಷಯ ಹೇಳಿದರು: "ಕಾರು ಅಡ್ಡಿಲ್ಲ ಭಟ್ರೇ, ನಿಮ್ಮ ಅಳತೆಗೆ ಹೊಲಿದದ್ದಲ್ಲ."

ಎರಡನೇ ಕಾರು ಹುಡುಕುವಾಗ ಆ ಮಾತನ್ನೇ ಹಿಡಿದುಕೊಂಡೆ. ಜಾಹೀರಾತಿನಲ್ಲಿ "ವಿಶಾಲ" ಎಂದು ಬರೆದದ್ದು ಹೆಚ್ಚಾಗಿ ಹಿಂದಿನ ಸೀಟಿನ ಮಾತು. ಓಡಿಸುವವನ ಜಾಗವನ್ನು ನೀವೇ ಕೂತು, ನೀವೇ ಅಳೆದು ನೋಡಬೇಕು. ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಡೀಸೆಲ್ಲೇ ಬೇಕೇ?

ತಿಂಗಳಿಗೆ ಸಾವಿರ ಕಿಲೋಮೀಟರಿಗಿಂತ ಕಡಿಮೆ ಓಡಿಸುವವರಿಗೆ, ಅದರಲ್ಲೂ ಪೇಟೆಯೊಳಗೇ ಸುತ್ತುವವರಿಗೆ ಪೆಟ್ರೋಲ್ ಸಾಕು. ನನ್ನದು ತಿಂಗಳಿಗೆ ಸುಮಾರು 2,000 ಕಿಲೋಮೀಟರು, ಹೆಚ್ಚಿನ ಸಲ ನಾಲ್ಕು ಜನ ಮತ್ತು ಡಿಕ್ಕಿ ತುಂಬ ಸಾಮಾನು. ಅರೆಬೈಲ್, ದೇವಿಮನೆ, ಗೇರುಸೊಪ್ಪೆ ಘಟ್ಟಗಳನ್ನು ಭಾರ ಹೊತ್ತು ಹತ್ತುವಾಗ ಡೀಸೆಲ್ ಎಂಜಿನ್ ಕೆಳಗಿನ ವೇಗದಲ್ಲೇ ಎಳೆಯುವ ರೀತಿ ಬೇರೆಯೇ. ಸೆಡಾನ್ (ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ತಗ್ಗು ಕಾರು) ಏಕೆಂದರೆ, ತಿರುವುಗಳಲ್ಲಿ ಅದು ಎತ್ತರದ ಗಾಡಿಯಷ್ಟು ವಾಲುವುದಿಲ್ಲ. ಹಿಂದೆ ಕೂತ ಅಮ್ಮನಿಗೆ ಘಟ್ಟದಲ್ಲಿ ವಾಂತಿ ಬರುತ್ತದೆ ಎನ್ನುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ನಿಮ್ಮ ಮನೆಯ ದಾರಿ ಪೂರ್ತಿ ಮಣ್ಣಿನದಾಗಿದ್ದು, ಮಳೆಗಾಲದಲ್ಲಿ ಸಂಕ ದಾಟಿ ತೋಟದ ಅಂಚಿನಲ್ಲಿ ಬರಬೇಕಾಗಿದ್ದರೆ ಮಾತ್ರ ಸೆಡಾನ್ ಆಸೆ ಬಿಡಿ. ಇಂಥ ಹೆಚ್ಚಿನ ಕಾರುಗಳ ಹೊಟ್ಟೆ ನೆಲದಿಂದ ಸುಮಾರು 165–170 ಮಿ.ಮೀ. ಎತ್ತರದಲ್ಲಿರುವುದು, ಐದು ಜನ ಕೂತರೆ ಅದೂ ಇಳಿಯುತ್ತದೆ.

ಪೇಟೆಯಲ್ಲಿ ಏನಿದೆ

ಇದನ್ನು ತಿಳಿಯದೆ ಷೋರೂಂ ಅಲೆಯುವವರನ್ನು ನೋಡಿದ್ದೇನೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು, ಸಿಯಾಜ್ ಡೀಸೆಲ್ ಅಲ್ಲಿಗೆ ಮುಗಿಯಿತು. ಸ್ಕೋಡಾ ರ್‍ಯಾಪಿಡ್, ಫೋಕ್ಸ್‌ವ್ಯಾಗನ್ ವೆಂಟೋ, ಆಕ್ಟೇವಿಯಾಗಳ ಡೀಸೆಲ್ ಕೂಡ ಆಗಲೇ ಹೋಯಿತು. 2023ರಲ್ಲಿ ನಿಯಮದ ಎರಡನೇ ಹಂತ ಬಂದಾಗ ಹೋಂಡಾ ಸಿಟಿ, ಹ್ಯುಂಡೈ ವೆರ್ನಾಗಳ ಡೀಸೆಲ್ ಸಹ ನಿಂತವು. ಈಗ ಹೊಸದಾಗಿ ಡೀಸೆಲ್ ಸೆಡಾನ್ ಬೇಕೆಂದರೆ ಮರ್ಸಿಡಿಸ್, ಬಿಎಂಡಬ್ಲ್ಯುಗಳ ಕಡೆ ಹೋಗಬೇಕು. ನಮ್ಮ ನಿಮ್ಮಂಥವರಿಗೆ ಉಳಿದದ್ದು ಸೆಕೆಂಡ್ ಹ್ಯಾಂಡ್. ಹಾಗಾಗಿ ಮೈ ಅಳತೆಯನ್ನೂ ಕಾರಿನ ಆರೋಗ್ಯವನ್ನೂ ಒಟ್ಟಿಗೇ ನೋಡಬೇಕಾದ ಕೆಲಸ ಇದು.

ಮನೆಯಲ್ಲಿ ಟೇಪು ಹಿಡಿಯಿರಿ

ನಾನೂ ನನ್ನ ಭಾವನೂ ಒಂದೇ ಎತ್ತರ. ಆದರೆ ನನ್ನ ಕೆಂಪು ಮೊಣಕಾಲಿನ ಕಾರಿನಲ್ಲಿ ಅವನು ಹುಬ್ಬಳ್ಳಿವರೆಗೆ ಆರಾಮಾಗಿ ಓಡಿಸಿಕೊಂಡು ಹೋಗಿ ಬಂದ. ಕಾರಣ ಗೊತ್ತಾದದ್ದು ಮನೆಯ ಜಗುಲಿಯಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಾಗ. ಅವನ ತಲೆ ನನ್ನದಕ್ಕಿಂತ ಮೂರು ಬೆರಳು ಮೇಲಿತ್ತು. ಅವನ ಎತ್ತರ ಮುಂಡದಲ್ಲಿ, ನನ್ನದು ಕಾಲಿನಲ್ಲಿ.

ಆದ್ದರಿಂದ ಒಟ್ಟು ಎತ್ತರ ಬದಿಗಿಟ್ಟು ಎರಡು ಅಳತೆ ತೆಗೆಯಿರಿ. ಗೋಡೆಗೆ ಬೆನ್ನು ತಾಗಿಸಿ ಕೂತು, ಕೂತ ಜಾಗದಿಂದ ನೆತ್ತಿಯವರೆಗೆ ಒಂದು. ಅದೇ ಭಂಗಿಯಲ್ಲಿ ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ಇನ್ನೊಂದು. ನಿಮ್ಮಷ್ಟೇ ಎತ್ತರದ ಮತ್ತೊಬ್ಬರ ಜೊತೆ ಹೋಲಿಸಿದರೆ ನೀವು ಯಾವ ಕಡೆಯವರೆಂದು ತಿಳಿಯುತ್ತದೆ. ಮುಂಡ ಉದ್ದವಿದ್ದವರಿಗೆ ತಲೆಯ ಮೇಲಿನ ಜಾಗವೇ ಮುಖ್ಯ: ಸನ್‌ರೂಫ್ ಇಲ್ಲದ ಕಾರು, ಕೆಳಗಿಳಿಸಲು ಬರುವ ಸೀಟು. ಸನ್‌ರೂಫ್ ಒಂದಿಂಚು, ಕೆಲವು ಕಾರಿನಲ್ಲಿ ಇನ್ನೂ ಹೆಚ್ಚು ತಿನ್ನುತ್ತದೆ. ಸಿಟಿ, ವೆರ್ನಾಗಳ ದುಬಾರಿ ಮಾದರಿಗಳಲ್ಲಿ ಅದು ಇರುತ್ತದೆ, ಸಿಯಾಜ್‌ಗೆ ಬರಲೇ ಇಲ್ಲ. ಕಾಲು ಉದ್ದವಿದ್ದವರಿಗೆ ಸೀಟು ಎಷ್ಟು ಹಿಂದೆ ಸರಿಯುತ್ತದೆ, ಸ್ಟೇರಿಂಗ್ ಎದೆಯ ಕಡೆ ಎಳೆಯಲು ಬರುತ್ತದೋ ಇಲ್ಲವೋ ಎನ್ನುವುದೇ ತೀರ್ಮಾನ.

ಕಾರಿನಲ್ಲಿ ಕೂರುವ ಕ್ರಮ

ಇಲ್ಲಿ ಅವಸರ ಮಾಡಬೇಡಿ. ಮಾರುವವರು ಎದುರು ನಿಂತು ವಾಚು ನೋಡಿಕೊಂಡರೂ ನೋಡಿಕೊಳ್ಳಲಿ. ಸೀಟಿಗೆ ದಪ್ಪ ರೆಕ್ಸಿನ್ ಕವರ್ ಹಾಕಿದ್ದರೆ ಅದು ನಿಮ್ಮನ್ನು ಒಂದು ಬೆರಳಷ್ಟಾದರೂ ಮೇಲೆತ್ತಿರುತ್ತದೆ, ನೆನಪಿಡಿ. ದಿನವೂ ಹಾಕುವ ಚಪ್ಪಲಿ ಅಥವಾ ಶೂನಲ್ಲೇ ಹೋಗಿ.

ಸೀಟನ್ನು ಪೂರ್ತಿ ಕೆಳಗಿಳಿಸಿ. ಸೊಂಟ ಸೀಟಿನ ಮೂಲೆಗೆ ಒತ್ತುವಂತೆ ಕೂತು, ಕ್ಲಚ್ಚನ್ನು ನೆಲದವರೆಗೆ ತುಳಿಯಿರಿ. ಆಗ ಎಡ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು, ಪೂರ್ತಿ ಚಾಚಿರಬಾರದು. ಆ ಜಾಗಕ್ಕೆ ಸೀಟನ್ನು ನಿಲ್ಲಿಸಿ. ಹಿಂದೆ ಸರಿಸಿ ಸರಿಸಿ ಹಳಿ ಮುಗಿದೇ ಹೋಯಿತು, ಕಾಲು ಇನ್ನೂ ಮುದುಡಿದೆ ಎಂದಾದರೆ ಆ ಕಾರು ಅಲ್ಲಿಗೇ ಬಿಡಿ. ಉಳಿದದ್ದನ್ನೆಲ್ಲ ಸರಿಮಾಡಿಕೊಳ್ಳಬಹುದು, ಇದನ್ನು ಮಾತ್ರ ಆಗುವುದಿಲ್ಲ.

ಈಗ ಬೆನ್ನು ಸೀಟಿಗೆ ಅಂಟಿರುವಾಗಲೇ ಕೈ ಚಾಚಿ ಮಣಿಕಟ್ಟನ್ನು ಸ್ಟೇರಿಂಗ್ ಚಕ್ರದ ಮೇಲ್ತುದಿಗೆ ಇಡಿ. ಭುಜ ಏಳದೆ ಮಣಿಕಟ್ಟು ಅಲ್ಲಿ ಕೂರಬೇಕು. ಉದ್ದ ಕಾಲಿನವರಿಗೆ ತೊಂದರೆ ಶುರುವಾಗುವುದೇ ಇಲ್ಲಿ. ಕಾಲಿಗಾಗಿ ಸೀಟು ಹಿಂದೆ ಹೋಯಿತು, ಸ್ಟೇರಿಂಗ್ ಮುಂದೆಯೇ ಉಳಿಯಿತು. ಅದನ್ನು ಹಿಡಿಯಲು ಬೆನ್ನು ಸೀಟಿನಿಂದ ಏಳುತ್ತದೆ. ಇಲ್ಲವೇ ಬೆನ್ನಿನ ಭಾಗವನ್ನು ನೆಟ್ಟಗೆ ಮಾಡುತ್ತೀರಿ, ಆಗ ತಲೆ ಛಾವಣಿಗೆ ತಾಗುತ್ತದೆ. ನನ್ನ ಸೊಂಟನೋವಿನ ಬೇರು ಇದೇ ಆಗಿತ್ತು. ಸ್ಟೇರಿಂಗ್ ಮೇಲೆ ಕೆಳಗೆ ಮಾತ್ರ ಆಗುವುದೋ, ಹಿಂದೆ ಮುಂದೆಯೂ ಎಳೆಯಲು ಬರುವುದೋ ಎಂದು ಲಿವರ್ ಬಿಚ್ಚಿ ಕೈಯಾರೆ ನೋಡಿ. ರ್‍ಯಾಪಿಡ್, ವೆಂಟೋ, ಆಕ್ಟೇವಿಯಾಗಳಲ್ಲಿ ಎರಡೂ ಆಗುತ್ತದೆ. ಸಿಯಾಜ್‌ನಲ್ಲಿ ಮೇಲೆ ಕೆಳಗೆ ಅಷ್ಟೇ. ಎಳೆದುಕೊಂಡ ಮೇಲೂ ಎದೆಗೂ ಸ್ಟೇರಿಂಗ್ ನಡುವಿಗೂ ಒಂದು ಗೇಣಿಗಿಂತ ಹೆಚ್ಚು, 25 ಸೆಂ.ಮೀ. ಆದರೂ ಅಂತರ ಇರಲಿ. ಏರ್‌ಬ್ಯಾಗ್ ತೆರೆದುಕೊಳ್ಳಲು ಆ ಜಾಗ ಬೇಕು.

ನೆತ್ತಿಯ ಮೇಲೆ ನಾಲ್ಕು ಬೆರಳು ಅಡ್ಡ ಹಿಡಿದರೆ ಹೋಗಬೇಕು. ನಮ್ಮ ರಸ್ತೆಯ ಗುಂಡಿಗಳಲ್ಲಿ ಎರಡು ಬೆರಳಿನ ಜಾಗ ಸಾಲುವುದಿಲ್ಲ. ಆಮೇಲೆ ಎದುರು ನೋಡಿ: ಕಣ್ಣು ಗಾಜಿನ ಮೇಲಂಚಿಗೆ ಹತ್ತಿರವಿದ್ದರೆ ಒಳಗಿನ ಕನ್ನಡಿ ನಿಮ್ಮ ನೋಟಕ್ಕೆ ಸರಿಯಾಗಿ ಅಡ್ಡ ಬರುತ್ತದೆ. ಘಟ್ಟದ ಎಡ ತಿರುವಿನಲ್ಲಿ ಮೇಲಿಂದ ಬರುವ ಬಸ್ಸು ಆ ಕನ್ನಡಿಯ ಹಿಂದೆ ಮರೆಯಾಗಿಬಿಡುತ್ತದೆ. ನಾನು ಹೇಳುವುದು ಕಂಡದ್ದನ್ನೇ. ಕುಳ್ಳಗಿನವರಿಗೆ ಈ ಅಪಾಯ ಅರ್ಥವಾಗುವುದಿಲ್ಲ. ಸೀಟು ಬಹಳ ಹಿಂದೆ ಹೋದಾಗ ಬಲಗಡೆ ಬಾಗಿಲ ನಡುವಿನ ಕಂಬ ಕೂಡ ಕಿವಿಯ ಪಕ್ಕಕ್ಕೇ ಬರುತ್ತದೆ. ಅಡ್ಡರಸ್ತೆಯಿಂದ ಹೆದ್ದಾರಿ 66ಕ್ಕೆ ಸೇರುವಾಗ ಬಲಕ್ಕೆ ತಿರುಗಿ ನೋಡಲು ಅದು ಬಿಡುತ್ತದೋ ಎಂದು ಪರೀಕ್ಷಿಸಿ.

ತೊಡೆಯ ವಿಷಯವನ್ನು ಷೋರೂಮಿನಲ್ಲಿ ಯಾರೂ ಗಮನಿಸುವುದಿಲ್ಲ. ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ನಾಲ್ಕು ಬೆರಳು ಇದ್ದರೆ ಸರಿ. ಒಂದು ಗೇಣು ಖಾಲಿಯಿದ್ದರೆ ತೊಡೆ ಗಾಳಿಯಲ್ಲಿ ತೂಗುತ್ತದೆ, ಎರಡು ತಾಸಿನಲ್ಲಿ ಸೊಂಟ ಅದರ ಲೆಕ್ಕ ಕೇಳುತ್ತದೆ. ಕ್ಲಚ್ಚಿನ ಎಡಕ್ಕೆ ಪಾದ ಇಡುವ ಜಾಗ, ಬ್ರೇಕು ಆಕ್ಸಿಲರೇಟರ್ ನಡುವೆ ನಿಮ್ಮ ಶೂ ಸಿಕ್ಕಿಕೊಳ್ಳದಷ್ಟು ಅಂತರ, ಗೇರಿನ ಪಕ್ಕದ ಪ್ಲಾಸ್ಟಿಕ್ ಎಡ ಮೊಣಕಾಲಿಗೆ ಒತ್ತುತ್ತದೋ ಎಂಬುದು, ಇವಿಷ್ಟನ್ನೂ ನೋಡಿ. ಹೆಡ್‌ರೆಸ್ಟ್ ನಿಮ್ಮ ಕಿವಿಗಿಂತ ಮೇಲಕ್ಕೆ ಏಳಬೇಕು. ಕುತ್ತಿಗೆಗೆ ಬಡಿಯುವ ಹೆಡ್‌ರೆಸ್ಟ್ ಹಿಂದಿನಿಂದ ಯಾರಾದರೂ ಗುದ್ದಿದಾಗ ಕಾಪಾಡುವುದಿಲ್ಲ.

ಕೊನೆಗೆ, ನಿಮ್ಮ ಅಳತೆಗೆ ಸೀಟು ಬಿಟ್ಟು ಇಳಿದು, ಅದರ ಹಿಂದೆ ಹೋಗಿ ಕೂರಿ. ನಿಮ್ಮ ಮಗನೋ ಅಪ್ಪಯ್ಯನೋ ನಾಳೆ ಕೂರುವ ಜಾಗ ಅದು.

ಘಟ್ಟಕ್ಕೆ ಒಯ್ಯಿರಿ

ಮುಕ್ಕಾಲು ತಾಸಾದರೂ ಓಡಿಸದೆ ಮುಂಗಡ ಕೊಡಬೇಡಿ. ಮೈ ದೂರು ಹೇಳಲು ಶುರುಮಾಡುವುದೇ ಅರ್ಧ ತಾಸಿನ ಮೇಲೆ. ಕಾರವಾರದವರಾದರೆ ಅಣಶಿ ಕಡೆಗೋ ಅರೆಬೈಲಿಗೋ, ಶಿರಸಿಯವರಾದರೆ ದೇವಿಮನೆಗೆ. ಅದು ಕಾಮಗಾರಿಗೋ ಮಳೆಗೋ ಬಂದಾಗಿದ್ದರೆ ಸಿದ್ದಾಪುರ ಮೇಲಿಂದ ದೊಡ್ಮನೆ ಘಟ್ಟ. ನಾಲ್ಕು ಜನ ಕೂತೇ ಹೋಗಿ.

ಹತ್ತುವಾಗ ನೋಡಬೇಕಾದದ್ದು, ಎರಡನೇ ಗೇರಿನಲ್ಲಿ ಕಡಿದಾದ ತಿರುವು ಮುಗಿಸಿದ ಕೂಡಲೇ ಎಂಜಿನ್ ಎಳೆಯುತ್ತದೋ, ಇಲ್ಲಾ ಒಂದು ಕ್ಷಣ ಸತ್ತಂತಾಗಿ ಆಮೇಲೆ ಜಿಗಿಯುತ್ತದೋ ಎಂದು. ಟರ್ಬೊ ತಿರುಗಲು ಬೇಕಾದಷ್ಟು ಹೊಗೆಯ ಒತ್ತಡ ಸಣ್ಣ ವೇಗದಲ್ಲಿ ಇರುವುದಿಲ್ಲ, ಅದಕ್ಕೇ ಹಾಗೆ. ಸಿಯಾಜ್‌ನ ಹಳೆಯ 1.3 ಲೀಟರ್ ಎಂಜಿನ್‌ನಲ್ಲಿ ನಿಮಿಷಕ್ಕೆ 2,000 ಸುತ್ತಿನ ಕೆಳಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಪದೇಪದೇ ಕ್ಲಚ್ ತುಳಿಯಬೇಕಾಗುತ್ತದೆ, ಉದ್ದ ಕಾಲಿನವರ ಮೊಣಕಾಲು ಪ್ರತಿ ಸಲವೂ ಸ್ಟೇರಿಂಗ್ ಕಡೆ ಏಳುತ್ತದೆ. ಎಂಜಿನ್ ಗುಣಕ್ಕೂ ಮೈ ಆರಾಮಕ್ಕೂ ಇರುವ ಈ ನಂಟು ನನಗೆ ಓಡಿಸಿದ ಮೇಲೆಯೇ ತಿಳಿದದ್ದು. ಇಳಿಯುವಾಗ ಎರಡು, ಮೂರನೇ ಗೇರಿನಲ್ಲೇ ಇಳಿಸಿ, ಬ್ರೇಕ್ ತುಳಿದರೆ ಸ್ಟೇರಿಂಗ್ ನಡುಗುತ್ತದೋ ಗಮನಿಸಿ.

ಕೆಳಗೆ ಎಲ್ಲಾದರೂ ಚಹಾಕ್ಕೆ ನಿಲ್ಲಿಸಿ, ಇಳಿದು ಹತ್ತು ಹೆಜ್ಜೆ ನಡೆಯಿರಿ. ಸೊಂಟ, ಬಲ ಮೊಣಕಾಲು, ಕುತ್ತಿಗೆಯ ಬುಡ: ಎಲ್ಲಿ ಬಿಗಿದಿದೆಯೋ ಅದೇ ಆ ಕಾರಿನ ದೋಷ.

ಯಾವ ಕಾರು

ಮೈಗೆ ಹೊಂದುವುದೊಂದನ್ನೇ ನೋಡಿದರೆ ನನ್ನ ಮೊದಲ ಆಯ್ಕೆ 2013ರ ನಂತರದ ಸ್ಕೋಡಾ ಆಕ್ಟೇವಿಯಾ 2 ಲೀಟರ್ ಡೀಸೆಲ್. ಗಾಲಿಗಳ ನಡುವಿನ ಅಂತರ 2,688 ಮಿ.ಮೀ., ಸೀಟು ಧಾರಾಳ ಹಿಂದೆ ಹೋಗುತ್ತದೆ, ಸ್ಟೇರಿಂಗ್ ಎದೆಯವರೆಗೆ ಬರುತ್ತದೆ, 143 ಅಶ್ವಶಕ್ತಿ, ಡಿಕ್ಕಿ 590 ಲೀಟರ್. ಆದರೆ ಇದರ ಟೈಮಿಂಗ್ ಬೆಲ್ಟ್ ಕಾಲಕಾಲಕ್ಕೆ ಬದಲಿಸಲೇಬೇಕು, ತುಂಡಾದರೆ ಎಂಜಿನ್ನೇ ಹೋಗುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಖರ್ಚು ಲಕ್ಷದ ಮಾತು. ಕೆಲಸ ಬಲ್ಲವರಿಗಾಗಿ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ಇದಕ್ಕೆ ತಯಾರಿದ್ದರೆ ಮಾತ್ರ ಕೈಹಾಕಿ.

ನಾನು ಕೊನೆಗೆ ತೆಗೆದುಕೊಂಡದ್ದು 2017ರ ನಂತರದ ಹೋಂಡಾ ಸಿಟಿ. ಆ ವರ್ಷದ ಬದಲಾವಣೆಯಲ್ಲಿ ಸ್ಟೇರಿಂಗ್ ಎಳೆಯುವ ಸೌಲಭ್ಯ ಬಂತು. ಸನ್‌ರೂಫ್ ಇಲ್ಲದ್ದನ್ನೇ ಹುಡುಕಿದೆ. 1.5 ಲೀಟರ್, 100 ಅಶ್ವಶಕ್ತಿ, ಟೈಮಿಂಗ್ ಚೈನು. ಎಂಜಿನ್ ಸದ್ದು ಒಳಗೆ ಕೇಳುತ್ತದೆ, ಹೊಂದಿಕೊಳ್ಳಬೇಕು. ನಾಲ್ಕು ತಾಸಾದರೂ ಮೊಣಕಾಲು ಎಲ್ಲಿಗೂ ತಾಗುವುದಿಲ್ಲ. ನನಗೆ ಅಷ್ಟು ಸಾಕು.

ರಿಪೇರಿಯ ಸುಲಭಕ್ಕೆ ಸಿಯಾಜ್‌ಗೆ ಸಾಟಿಯಿಲ್ಲ. ಬಿಡಿಭಾಗ ಶಿರಸಿಯಲ್ಲೇ ಸಿಗುತ್ತದೆ. ಹಿಂದಿನ ಸೀಟು ಬಹಳ ವಿಶಾಲ, ಅಂತರ 2,650 ಮಿ.ಮೀ. ಮುಂಡ ಉದ್ದವಿದ್ದ ನನ್ನ ಭಾವನಿಗೆ ಇದೇ ಸರಿಹೋಯಿತು. ಕಾಲು ಉದ್ದವಿದ್ದವರು ಮಣಿಕಟ್ಟಿನ ಪರೀಕ್ಷೆ ಮಾಡದೆ ಒಪ್ಪಬೇಡಿ. ವೆರ್ನಾದ 1.6 ಲೀಟರ್ ಡೀಸೆಲ್ ಘಟ್ಟ ಹತ್ತುವುದರಲ್ಲಿ ಸಿಟಿ, ಸಿಯಾಜ್ ಎರಡಕ್ಕಿಂತಲೂ ಗಟ್ಟಿ, ಆದರೆ ಹಿಂದೆ ಛಾವಣಿ ಇಳಿಜಾರು, ಎತ್ತರದ ಮಗನಿದ್ದರೆ ಅವನ ತಲೆ ತಾಗುತ್ತದೆ. ರ್‍ಯಾಪಿಡ್, ವೆಂಟೋಗಳಲ್ಲಿ ಓಡಿಸುವವನಿಗೆ ಸುಖ, ಅವನ ಹಿಂದೆ ಕೂತವರಿಗೆ ಇಕ್ಕಟ್ಟು. 2014ರ ನಂತರದ ಟೊಯೊಟಾ ಕೊರೊಲಾ ಆಲ್ಟಿಸ್ ಡೀಸೆಲ್ ಗಾಲಿಗಳ ಅಂತರದಲ್ಲಿ 2,700 ಮಿ.ಮೀ., ಪಯಣ ಬಹಳ ಮೆತ್ತಗೆ, ಆದರೆ 88 ಅಶ್ವಶಕ್ತಿಯ ಎಂಜಿನ್ ಆ ಮೈಗೆ ಕಡಿಮೆ. ಇಟಿಯೋಸ್ ಎತ್ತರ 1,510 ಮಿ.ಮೀ., ಹತ್ತಿಳಿಯಲು ಸುಲಭ, ಎಂಜಿನ್ ಗಟ್ಟಿಮುಟ್ಟು. ಆದರೆ ಹಲವು ಮಾದರಿಗಳಲ್ಲಿ ಮುಂದಿನ ಹೆಡ್‌ರೆಸ್ಟ್ ಸೀಟಿಗೇ ಅಂಟಿಕೊಂಡಿದೆ, ಮೇಲೆತ್ತಲು ಬರುವುದಿಲ್ಲ.

ಕರಾವಳಿಯ ಕಾರೆಂದರೆ ಕೆಳಗೆ ಬಗ್ಗಿ ನೋಡಿ

ಉಪ್ಪುಗಾಳಿ ಬಣ್ಣದ ಕೆಳಗಿಂದಲೇ ಕೆಲಸ ಮಾಡುತ್ತದೆ. ಕಡಲ ಬದಿಯಲ್ಲಿ ಹೊರಗೇ ನಿಂತ ಕಾರಾದರೆ ಗ್ಯಾರೇಜಿನಲ್ಲಿ ಮೇಲೆತ್ತಿಸಿ, ಸೈಲೆನ್ಸರ್ ಕೊಳವೆ, ಬ್ರೇಕ್ ಪೈಪು, ಬಾಗಿಲಿನ ಕೆಳಗಿನ ಅಂಚು, ಡಿಕ್ಕಿಯೊಳಗೆ ಸ್ಟೆಪ್ನಿ ಇಡುವ ಗುಂಡಿ ಇವನ್ನು ಟಾರ್ಚು ಹಾಕಿ ನೋಡಿ. ನೆರೆನೀರು ಕಂಡ ಕಾರಿಗೆ ಬೇರೆ ಗುರುತು: ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಕಲೆ, ಸೀಟಿನ ಹಳಿಗೆ ತುಕ್ಕು, ಕಾರ್ಪೆಟ್ಟಿನಡಿ ಮುಗ್ಗಲು ವಾಸನೆ. ಎತ್ತರದವರಿಗೆ ಸೀಟಿನ ಹಳಿ ಮೊದಲೇ ಮುಖ್ಯ. ಅದು ತುಕ್ಕು ಹಿಡಿದು ಕೊನೆಯ ಎರಡು ಹಲ್ಲಿಗೆ ಸರಿಯದೇ ಇದ್ದ ಒಂದು ಕಾರನ್ನು ನಾನು ಅಂಕೋಲಾದಲ್ಲಿ ಬಿಟ್ಟು ಬಂದೆ.

2020ರ ನಂತರದ ಬಿಎಸ್6 ಡೀಸೆಲ್ ಆದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಅದು ತಾನೇ ಮಸಿ ಸುಟ್ಟುಕೊಳ್ಳುತ್ತದೆ. ಪೇಟೆಯಲ್ಲೇ ಎರಡೆರಡು ಕಿಲೋಮೀಟರ್ ಓಡಿದ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ. ಹಿಂದಿನ ಮಾಲೀಕರು ಎಲ್ಲಿ ಓಡಿಸುತ್ತಿದ್ದರೆಂದು ಕೇಳಿ, ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿದೆಯೋ ನೋಡಿ.

ಕಾಗದಪತ್ರ

ಕಾರವಾರದ ಕೆಎ-30, ಶಿರಸಿಯ ಕೆಎ-31 ಅಥವಾ ಹೊನ್ನಾವರದ ಕೆಎ-47 ನಂಬರಾದರೆ ಕೆಲಸ ಹಗುರ: ಮಾಲೀಕರ ಹೆಸರು ಬದಲಿಸಲು ಫಾರ್ಮ್ 29, ಫಾರ್ಮ್ 30, ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35. ಗೋವಾ ಕಾರು ಕಾರವಾರದವರಿಗೆ ಕೈಗೆಟುಕುವ ದೂರದಲ್ಲಿದೆ, ಬೆಲೆಯೂ ಆಸೆ ಹುಟ್ಟಿಸುತ್ತದೆ. ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆಯಿಲ್ಲವೆಂಬ ಪತ್ರ) ತರಬೇಕು, ಇಲ್ಲಿ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಕಾರಿನ ವಯಸ್ಸು ನೋಡಿ ತೆರಿಗೆ ಎಷ್ಟಾಗುತ್ತದೆಂದು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು ಆಮೇಲೆ ಬೆಲೆ ಮಾತಾಡಿ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ನಿರ್ಬಂಧವಿದ್ದುದರಿಂದ ಅಲ್ಲಿಯವು ಅಗ್ಗಕ್ಕೆ ಬರುತ್ತಿದ್ದವು. ಆರ್‌ಸಿ ಅವಧಿ 15 ವರ್ಷ, ಅದರಲ್ಲಿ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿ.

ತಂದ ಮೇಲೆ

ಸೀಟಿನ ಹಳಿಯನ್ನು ಉದ್ದ ಮಾಡಿ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಖಂಡಿತ ಒಪ್ಪಬೇಡಿ. ಅಪಘಾತದಲ್ಲಿ ನಿಮ್ಮ ಪೂರ್ತಿ ಭಾರ ಆ ನಾಲ್ಕು ಬೋಲ್ಟುಗಳ ಮೇಲೆ ಬೀಳುತ್ತದೆ. ತೊಡೆಗೆ ಆಧಾರ ಕಡಿಮೆಯೆನಿಸಿದರೆ ಮುಂದೆ ದಪ್ಪ, ಹಿಂದೆ ತೆಳು ಇರುವ ಗಟ್ಟಿ ಫೋಮಿನ ದಿಂಬು ಸಾಕು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಅದನ್ನು ಮುಚ್ಚುವ ಕವರ್ ಹೊಲಿಸಬೇಡಿ. ಚಾವಿಗೊಂಚಲಿನಿಂದ ಕಾರಿನ ಚಾವಿ ಬೇರೆ ಮಾಡಿ.

ಮೊದಲ ಎರಡು ವಾರ ಸೀಟನ್ನು ಒಂದೊಂದೇ ಹಲ್ಲು ಹಿಂದೆ ಮುಂದೆ ಮಾಡಿ ನೋಡಿ, ಸರಿಯಾದ ಜಾಗ ಸಿಕ್ಕಿದ ದಿನ ಹಳಿಯ ಪಕ್ಕ ಬಿಳಿ ಬಣ್ಣದ ಚುಕ್ಕೆ ಇಟ್ಟುಬಿಡಿ. ಸರ್ವಿಸ್‌ಗೆ ಕೊಟ್ಟಾಗಲೆಲ್ಲ ಹುಡುಗರು ಸೀಟು ಮುಂದೆ ಎಳೆದಿರುತ್ತಾರೆ, ಆ ಚುಕ್ಕೆ ನೋಡಿ ಹಿಂದಕ್ಕೆ ತಳ್ಳಿಕೊಳ್ಳಬಹುದು. ಮೇ ತಿಂಗಳೊಳಗೆ ಅಡಿಭಾಗ ತೊಳೆಸಿ, ತುಕ್ಕು ತಡೆಯುವ ಕೋಟಿಂಗ್ ಹಾಕಿಸಿ. ಜೂನ್ ಶುರುವಾದ ಮೇಲೆ ಲೋಹ ಒಣಗಲು ಬಿಸಿಲು ಸಿಗುವುದಿಲ್ಲ.